ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ: ಹಾಲು, ಮೊಟ್ಟೆ, ಮಾಂಸದ ಹಾದಿ

ಹಾಲು, ಮೊಟ್ಟೆ, ಮಾಂಸ, ಮೀನು ಮನುಷ್ಯನಿಗೆ ಎಷ್ಟು ಪುಷ್ಟಿಯೋ ಬ್ಯಾಕ್ಟೀರಿಯಾಗಳಿಗೂ ಅಷ್ಟೇ ಪುಷ್ಟಿ. ಅವುಗಳಲ್ಲಿ ನೀರಿನ ಅಂಶ ಹೆಚ್ಚು, ಪ್ರೋಟೀನು ಹೇರಳ, ಹುಳಿ ಕಡಿಮೆ. ಹೀಗಾಗಿ ಧಾನ್ಯ ಬೇಳೆಗಳಿಗಿಂತ ಇವು ಬೇಗ ಕೆಡುತ್ತವೆ. ವಾಸನೆ, ರುಚಿ, ಬಣ್ಣ ಬದಲಾಗುವ ಮೊದಲೇ ಕಾಯಿಲೆ ತರಬಲ್ಲಷ್ಟು ರೋಗಾಣುಗಳನ್ನು ಹೊತ್ತಿರಬಲ್ಲವು. ಈ ಹಳೆಯ ಸಮಸ್ಯೆಗೆ ಕಳೆದ ಏಳು ದಶಕಗಳಲ್ಲಿ ಹೊಸದೊಂದು ಕೂಡಿಕೊಂಡಿದೆ. ಸಾಕುಪ್ರಾಣಿಗಳಿಗೆ ಕೊಡುವ ಆಂಟಿಬಯೋಟಿಕ್‌ಗಳಿಂದಾಗಿ ಅವುಗಳ ಮೈಯಲ್ಲಿರುವ ಬ್ಯಾಕ್ಟೀರಿಯಾಗಳು ಮದ್ದಿಗೆ ಬಗ್ಗದ ಗುಣ ಪಡೆದು, ಆಹಾರ, ನೀರು, ಗೊಬ್ಬರ ಮತ್ತು ಕೈಗಳ ಮೂಲಕ ಮನುಷ್ಯರನ್ನು ತಲುಪುತ್ತಿವೆ.

ಕೊಪ್ಪಳ ಜಿಲ್ಲೆಯನ್ನೇ ನೋಡಿದರೆ, ಇಲ್ಲಿನ ಬದುಕಿನಲ್ಲಿ ಈ ಆಹಾರಗಳ ಪಾಲು ದೊಡ್ಡದು. ಯಲಬುರ್ಗಾ, ಕುಷ್ಟಗಿ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಬೆಳೆಯುವ ಮೆಕ್ಕೆಜೋಳ ಕೋಳಿ ಆಹಾರದ ಮುಖ್ಯ ಸರಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ನಾಡಾದ ಗಂಗಾವತಿಯ ಗಿರಣಿಗಳಿಂದ ಹೊರಬರುವ ತೌಡು, ನುಚ್ಚು ದನಕ್ಕೂ ಕೋಳಿಗೂ ಮೇವಾಗುತ್ತವೆ. ದೇಶದಲ್ಲಿ ದಿನನಿತ್ಯ ಮೊಟ್ಟೆಯ ದರ ಘೋಷಣೆಯಾಗುವ ಕೇಂದ್ರಗಳಲ್ಲಿ ನೆರೆಯ ಹೊಸಪೇಟೆಯೂ ಒಂದು. ಸಿಂಧನೂರು, ಲಿಂಗಸುಗೂರು, ಗಂಗಾವತಿ ಸೀಮೆ ಕೆಂಗುರಿ ಎಂಬ ಕುರಿ ತಳಿಯ ತವರು. ಮುನಿರಾಬಾದಿನ ತುಂಗಭದ್ರಾ ಜಲಾಶಯದಲ್ಲಿ ಮೀನುಗಾರಿಕೆ ನಡೆಯುತ್ತದೆ. ಹಳ್ಳಿಗಳ ಹಾಲು ಸಹಕಾರ ಸಂಘಗಳ ಮೂಲಕ ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ ಜಿಲ್ಲೆಗಳ ಹಾಲು ಒಕ್ಕೂಟಕ್ಕೆ, ಅಂದರೆ ರಾಬಕೊವಿಗೆ, ಹೋಗುತ್ತದೆ.

ಇಲ್ಲಿ ಈ ಆಹಾರಗಳ ಅಗತ್ಯವೂ ದೊಡ್ಡದು. ಮಕ್ಕಳ ಅಪೌಷ್ಟಿಕತೆ ತೀವ್ರವಾಗಿದ್ದ ಕಾರಣಕ್ಕೆ 2021ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಆರಂಭಿಸಿದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಇತ್ತು. ಅದಕ್ಕೆ ವಿರೋಧವೆದ್ದಾಗ, ಮೊಟ್ಟೆ ಬೇಕೇ ಬೇಕು ಎಂದು ಗಂಗಾವತಿಯ ಸರ್ಕಾರಿ ಶಾಲೆಯ ವಿದ್ಯಾರ್ಥಿನಿಯೊಬ್ಬಳು ಆಡಿದ ಮಾತು ರಾಜ್ಯದಾದ್ಯಂತ ಕೇಳಿಸಿತು. 2024ರಿಂದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ವ್ಯವಸ್ಥೆಯಾಗಿದೆ. ಬಡ ಮಕ್ಕಳ ತಟ್ಟೆಗೆ ಬಂದಿರುವ ಇಂಥ ಆಹಾರವನ್ನು ಅಂಜಿಕೆಯಿಂದ ದೂರ ಮಾಡುವುದು ಅನ್ಯಾಯ. ಅದನ್ನು ಸುರಕ್ಷಿತವಾಗಿ ಒದಗಿಸುವುದು ಹೇಗೆಂದು ತಿಳಿಯುವುದೇ ಸರಿಯಾದ ದಾರಿ.

ರೋಗಾಣು ಸೇರುವ ಬಗೆ

ಆರೋಗ್ಯವಾಗಿರುವ ಕುರಿ, ಕೋಳಿ, ಎಮ್ಮೆಗಳ ಕರುಳಿನಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಪ್ರಾಣಿಗೆ ಯಾವ ತೊಂದರೆಯನ್ನೂ ಮಾಡದ ಕೆಲವು ಬ್ಯಾಕ್ಟೀರಿಯಾ ಮನುಷ್ಯರಿಗೆ ರೋಗಕಾರಕ. ಆರೋಗ್ಯವಂತ ಪ್ರಾಣಿಯ ಮಾಂಸಖಂಡದ ಒಳಭಾಗ ಬಹುಮಟ್ಟಿಗೆ ಶುದ್ಧವಾಗಿರುತ್ತದೆ. ಕೊಯ್ಯುವಾಗ ಕರುಳು ಹರಿದರೆ, ತೊಗಲಿನ ಹೊಲಸು ತಾಗಿದರೆ, ಅದೇ ಚಾಕು, ಅದೇ ಮರದ ದಿಮ್ಮಿ, ಅದೇ ಬಕೆಟ್ಟಿನ ನೀರು ದಿನವಿಡೀ ಬಳಕೆಯಾದರೆ ಮಾಂಸದ ಮೇಲ್ಮೈಗೆ ಬ್ಯಾಕ್ಟೀರಿಯಾ ಅಂಟಿಕೊಳ್ಳುತ್ತವೆ. ಕೋಳಿ ಅಂಗಡಿಯಲ್ಲಿ ಒಂದು ಕೋಳಿಯಿಂದ ಇನ್ನೊಂದಕ್ಕೆ ರೋಗಾಣು ದಾಟುವುದು ಹೆಚ್ಚಾಗಿ ಪುಕ್ಕ ಕೀಳುವ ಯಂತ್ರದಲ್ಲಿ ಮತ್ತು ತೊಳೆಯುವ ನೀರಿನಲ್ಲಿ. ಖೈಮಾ ಮಾಡಿದಾಗ ಮೇಲ್ಮೈಯಲ್ಲಿದ್ದದ್ದು ಒಳಗೆಲ್ಲ ಬೆರೆಯುತ್ತದೆ. ಆದ್ದರಿಂದ ಖೈಮಾವನ್ನು ತುಂಡು ಮಾಂಸಕ್ಕಿಂತ ಹೆಚ್ಚು ಎಚ್ಚರದಿಂದ ಬೇಯಿಸಬೇಕು.

ಹಾಲಿಗೆ ರೋಗಾಣು ಸೇರುವುದು ಕೆಚ್ಚಲು ಬಾವು ಇರುವ ರಾಸಿನಿಂದ, ಸಗಣಿ ತಾಗಿದ ಮೊಲೆಯಿಂದ, ಹಿಂಡುವವರ ಕೈಯಿಂದ, ಸರಿಯಾಗಿ ತೊಳೆಯದ ಕ್ಯಾನಿನಿಂದ. ಮೊಟ್ಟೆಯ ಚಿಪ್ಪಿಗೆ ಹಿಕ್ಕೆಯ ಮೂಲಕ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ತಾಗುವುದು ಸಾಮಾನ್ಯ. ಅದರ ಎಂಟರಿಟಿಡಿಸ್ ಎಂಬ ಬಗೆಯಂತೂ ಕೋಳಿಯ ಅಂಡಾಶಯದಲ್ಲೇ ನೆಲೆಸಿ, ಚಿಪ್ಪು ಕಟ್ಟುವ ಮೊದಲೇ ಮೊಟ್ಟೆಯ ಒಳಗೆ ಸೇರಬಲ್ಲದು. ಸೀಳಿಲ್ಲದ, ಸ್ವಚ್ಛವಾಗಿ ಕಾಣುವ ಮೊಟ್ಟೆಯನ್ನೂ ಹಸಿಯಾಗಿ ತಿನ್ನಬಾರದು ಎನ್ನುವುದು ಈ ಕಾರಣಕ್ಕೆ.

ಸೇರಿದ ಬ್ಯಾಕ್ಟೀರಿಯಾ ಎಷ್ಟು ಬೆಳೆಯುತ್ತವೆ ಎಂಬುದನ್ನು ಶಾಖ ಮತ್ತು ಸಮಯ ತೀರ್ಮಾನಿಸುತ್ತವೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆ ಅಪಾಯದ ವಲಯ. ಅನುಕೂಲ ಸ್ಥಿತಿಯಲ್ಲಿ ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಆ ಲೆಕ್ಕದಲ್ಲಿ ಒಂದೇ ಒಂದು ಕೋಶ ಎಂಟು ತಾಸಿನಲ್ಲಿ 1 ಕೋಟಿ 67 ಲಕ್ಷ ದಾಟುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಕೊಪ್ಪಳದಂಥ ಊರಲ್ಲಿ ಬೆಳಿಗ್ಗೆ ಕೊಯ್ದು ತೂಗುಹಾಕಿದ ಮಾಂಸ, ಮಧ್ಯಾಹ್ನ ಮಾಡಿ ರಾತ್ರಿಗೆ ಉಳಿಸಿದ ಸಾರು, ಮಂಜುಗಡ್ಡೆಯಿಲ್ಲದೆ ಸಂತೆಗೆ ಬಂದ ಮೀನು ಎಲ್ಲವೂ ಈ ಲೆಕ್ಕಕ್ಕೆ ಸಿಗುತ್ತವೆ.

ಯಾವುದು ಏನು ಮಾಡುತ್ತದೆ

ಮಾಂಸ, ಮೊಟ್ಟೆಗಳಿಂದ ಬರುವ ಸಾಲ್ಮೊನೆಲ್ಲಾ ಜ್ವರ, ಹೊಟ್ಟೆನೋವು, ಭೇದಿ ತರುತ್ತದೆ. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಬೇರೆ. ಅದು ಮನುಷ್ಯರಲ್ಲಿ ಮಾತ್ರ ಇದ್ದು, ರೋಗಿಯ ಮಲ ಸೇರಿದ ನೀರು, ಆಹಾರದಿಂದ ಹರಡುತ್ತದೆ. ಕೋಳಿಯ ಕರುಳಿನಲ್ಲಿ ಸಾಮಾನ್ಯವಾದ ಕ್ಯಾಂಪಿಲೋಬ್ಯಾಕ್ಟರ್ ಜಗತ್ತಿನಾದ್ಯಂತ ಭೇದಿಗೆ ಮುಖ್ಯ ಕಾರಣಗಳಲ್ಲೊಂದು. ಇ. ಕೋಲೈ ಬಹುಪಾಲು ನಿರುಪದ್ರವಿ. ಕೆಲವು ಬಗೆಗಳು ರಕ್ತಭೇದಿಯನ್ನೂ ಮಕ್ಕಳಲ್ಲಿ ಮೂತ್ರಪಿಂಡದ ವೈಫಲ್ಯವನ್ನೂ ಉಂಟುಮಾಡುತ್ತವೆ.

ಸ್ಟ್ಯಾಫಿಲೊಕಾಕಸ್ ಆರಿಯಸ್‌ನದು ಬೇರೆಯೇ ರೀತಿ. ಕೆಚ್ಚಲು ಬಾವಿನ ಹಾಲು, ಅಡುಗೆಯವರ ಕೈಗಾಯಗಳಿಂದ ಆಹಾರ ಸೇರಿ, ಅಲ್ಲೇ ವಿಷವಸ್ತುವನ್ನು ಸ್ರವಿಸುತ್ತದೆ. ಕುದಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಬಹಳ ಹೊತ್ತು ಹೊರಗಿಟ್ಟ ಹಾಲನ್ನೋ ಖೋವಾವನ್ನೋ ಆಮೇಲೆ ಕಾಯಿಸಿದರೂ ಪೂರ್ತಿ ಸುರಕ್ಷಿತವಾಗದಿರುವುದು ಇದರಿಂದಲೇ. ದನ, ಎಮ್ಮೆ, ಆಡು, ಕುರಿಗಳು ಕಂದು ಹಾಕುವಂತೆ ಮಾಡುವ ಬ್ರುಸೆಲ್ಲಾ ಹಸಿ ಹಾಲಿನಿಂದಲೂ, ಈಯುವಾಗ ಬರಿಗೈಯಲ್ಲಿ ನೆರವಾಗುವುದರಿಂದಲೂ ಮನುಷ್ಯರಿಗೆ ಬರುತ್ತದೆ. ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು ಇದರ ಲಕ್ಷಣ; ಕುರಿಗಾಹಿಗಳಿಗೆ, ಪಶುವೈದ್ಯರಿಗೆ ಅಪಾಯ ಹೆಚ್ಚು.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಕಲುಷಿತ ಆಹಾರದಿಂದ ಜಗತ್ತಿನಲ್ಲಿ ವರ್ಷಕ್ಕೆ 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4 ಲಕ್ಷ 20 ಸಾವಿರ ಜನ ಸಾಯುತ್ತಾರೆ. ಸತ್ತವರಲ್ಲಿ 1 ಲಕ್ಷ 25 ಸಾವಿರ ಐದು ವರ್ಷದೊಳಗಿನ ಮಕ್ಕಳು. ಕೇರಳದ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ 2022ರ ಮೇ ತಿಂಗಳ ಆರಂಭದಲ್ಲಿ ಶವರ್ಮಾ ತಿಂದ ಹಲವರು ಆಸ್ಪತ್ರೆ ಸೇರಿ, ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು. ರೋಗಿಗಳಲ್ಲಿ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ಆಹಾರದ ಮಾದರಿಯಲ್ಲಿ ಶಿಗೆಲ್ಲಾದ ಜೊತೆ ಸಾಲ್ಮೊನೆಲ್ಲಾವೂ ಸಿಕ್ಕಿತು. ಹಸಿ ಮೊಟ್ಟೆಯಿಂದ ಮಾಡುವ ಮಯೋನೈಸ್ ಅನ್ನು 2023ರಲ್ಲಿ ಕೇರಳ, 2024ರಲ್ಲಿ ತೆಲಂಗಾಣ ನಿಷೇಧಿಸಿದವು. ಶವರ್ಮಾ, ಕಬಾಬ್, ಮಯೋನೈಸ್ ಈಗ ತಾಲ್ಲೂಕು ಕೇಂದ್ರಗಳ ಸಂಜೆಯ ತಿನಿಸೂ ಆಗಿರುವುದರಿಂದ ಈ ಘಟನೆಗಳ ಪಾಠ ಎಲ್ಲ ಊರುಗಳಿಗೂ ಸಲ್ಲುತ್ತದೆ.

ಪ್ರತಿರೋಧ ಹುಟ್ಟುವ ರೀತಿ

ವಿಜ್ಞಾನಿ ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ ಎಂಬ ಆಂಟಿಬಯೋಟಿಕ್ ಗುರುತಿಸಿದರು. 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಭಾಷಣದಲ್ಲಿಯೇ, ಸಾಲದಷ್ಟು ಪ್ರಮಾಣದಲ್ಲಿ ಔಷಧ ಕೊಟ್ಟರೆ ಸೂಕ್ಷ್ಮಜೀವಿಗಳು ಅದನ್ನು ತಡೆದುಕೊಳ್ಳಲು ಕಲಿಯುತ್ತವೆ ಎಂದು ಎಚ್ಚರಿಸಿದ್ದರು. ಆ ಎಚ್ಚರಿಕೆಯ ಹಿಂದಿನ ತರ್ಕ ಸರಳವಾದದ್ದು. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಆಕಸ್ಮಿಕ ಬದಲಾವಣೆಯಿಂದ ಕೆಲವಕ್ಕೆ ಔಷಧವನ್ನು ಒಡೆಯುವ, ಹೊರದೂಡುವ ಇಲ್ಲವೇ ಅದರ ಗುರಿಯನ್ನೇ ಮಾರ್ಪಡಿಸುವ ಶಕ್ತಿ ಇರುತ್ತದೆ. ಔಷಧ ಬಿದ್ದಾಗ ಉಳಿದವು ಸಾಯುತ್ತವೆ; ಈ ಕೆಲವು ಬದುಕಿ, ತೆರವಾದ ಜಾಗವನ್ನೆಲ್ಲ ತುಂಬುತ್ತವೆ. ಕಳೆನಾಶಕವನ್ನು ಪದೇ ಪದೇ ಸಿಂಪಡಿಸಿದ ಗದ್ದೆಯಲ್ಲಿ ಕೊನೆಗೆ ಅದಕ್ಕೆ ಜಗ್ಗದ ಕಳೆಯೇ ಹಬ್ಬುವ ಹಾಗೆ.

ಬ್ಯಾಕ್ಟೀರಿಯಾಗಳಿಗೆ ಇನ್ನೂ ಒಂದು ಶಕ್ತಿಯಿದೆ. ಪ್ರತಿರೋಧದ ಜೀನ್‌ಗಳು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳ ಮೇಲೆ ಕೂತು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ, ಒಂದು ಜಾತಿಯಿಂದ ಇನ್ನೊಂದು ಜಾತಿಗೆ ದಾಟುತ್ತವೆ. ಕೋಳಿಯ ಕರುಳಿನ ನಿರುಪದ್ರವಿ ಇ. ಕೋಲೈ, ಮನುಷ್ಯನ ಕರುಳು ಸೇರಿ ಅಲ್ಲಿನ ರೋಗಾಣುವಿಗೆ ತನ್ನ ಜೀನ್ ಕೊಡಬಲ್ಲದು. ತಿಂದವರಿಗೆ ಆ ಹೊತ್ತಿಗೆ ಯಾವ ಕಾಯಿಲೆಯೂ ಬರದಿರಬಹುದು. ತಿಂಗಳುಗಳ ನಂತರ ಮೂತ್ರನಾಳದ ಸೋಂಕು ತಗುಲಿದಾಗಲೋ ಶಸ್ತ್ರಚಿಕಿತ್ಸೆಯಾದಾಗಲೋ ಮಾಮೂಲಿ ಔಷಧ ಕೆಲಸ ಮಾಡದೆ ಹೋದಾಗ ಅದು ಬಯಲಾಗುತ್ತದೆ. ದಿ ಲ್ಯಾನ್ಸೆಟ್ ಪತ್ರಿಕೆ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2019ರಲ್ಲಿ ಔಷಧ ನಿರೋಧಕ ಬ್ಯಾಕ್ಟೀರಿಯಾಗಳು ನೇರ ಕಾರಣವಾದ ಸಾವುಗಳು ಜಗತ್ತಿನಲ್ಲಿ 12 ಲಕ್ಷ 70 ಸಾವಿರ. ಇವೆಲ್ಲಕ್ಕೂ ಪಶುಸಾಕಣೆ ಹೊಣೆಯಲ್ಲ. ಮನುಷ್ಯರ ಆಸ್ಪತ್ರೆಗಳಲ್ಲಿ, ಔಷಧ ಅಂಗಡಿಗಳಲ್ಲಿ ನಡೆಯುವ ದುರ್ಬಳಕೆಯ ಪಾಲು ದೊಡ್ಡದಿದೆ. ಆದರೆ ಜಗತ್ತಿನಲ್ಲಿ ಮಾರಾಟವಾಗುವ ಸೂಕ್ಷ್ಮಜೀವಿನಾಶಕ ಔಷಧಗಳಲ್ಲಿ ಸುಮಾರು ಮುಕ್ಕಾಲು ಪಾಲು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಕೆಯಾಗುತ್ತದೆ ಎಂದು 2019ರ ಒಂದು ಅಂದಾಜು ಹೇಳುತ್ತದೆ. ಇಷ್ಟು ದೊಡ್ಡ ಬಳಕೆಯನ್ನು ಲೆಕ್ಕದಿಂದ ಹೊರಗಿಡಲಾಗದು.

ಫಾರಂಗೆ ಔಷಧ ಬಂದ ಕಥೆ

ಪ್ರಾಣಿಗಳಿಗೆ ಆಂಟಿಬಯೋಟಿಕ್ ಕೊಡುವುದು ಮೂರು ಉದ್ದೇಶಗಳಿಗೆ. ಕಾಯಿಲೆ ಬಿದ್ದದ್ದನ್ನು ಗುಣಪಡಿಸಲು, ಬರಬಹುದಾದ ಕಾಯಿಲೆ ತಡೆಯಲು, ಬೇಗ ತೂಕ ಬರಿಸಲು. ಮೊದಲನೆಯದು ಅನಿವಾರ್ಯ, ನರಳುವ ಪ್ರಾಣಿಗೆ ಚಿಕಿತ್ಸೆ ಸಿಗಲೇಬೇಕು. ಮೂರನೆಯದು ಆರಂಭವಾದದ್ದು ಅಮೆರಿಕದಲ್ಲಿ, 1950ರ ಹೊತ್ತಿಗೆ. ಥಾಮಸ್ ಜ್ಯೂಕ್ಸ್ ಮತ್ತು ರಾಬರ್ಟ್ ಸ್ಟಾಕ್‌ಸ್ಟಾಡ್ ಎಂಬ ವಿಜ್ಞಾನಿಗಳು ಕ್ಲೋರ್‌ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ತಯಾರಿಸಿ ಉಳಿದ ಗಸಿಯನ್ನು ಕೋಳಿಮರಿಗಳಿಗೆ ತಿನ್ನಿಸಿದಾಗ ಅವು ಬೇಗ ಬೆಳೆದವು. ಅಲ್ಲಿಂದ ಮುಂದೆ ಅಲ್ಪ ಪ್ರಮಾಣದ ಆಂಟಿಬಯೋಟಿಕ್ ಬೆರೆಸಿದ ಮೇವು ಜಗತ್ತಿನ ವಾಡಿಕೆಯಾಯಿತು. ಫ್ಲೆಮಿಂಗ್ ಯಾವುದರ ಬಗ್ಗೆ ಎಚ್ಚರಿಸಿದ್ದರೋ ಅದೇ ನಿತ್ಯದ ಪದ್ಧತಿಯಾದಂತಾಯಿತು.

ಇದರ ಪರಿಣಾಮವನ್ನು 1976ರಲ್ಲಿ ವಿಜ್ಞಾನಿ ಸ್ಟುವರ್ಟ್ ಲೆವಿ ಅಮೆರಿಕದ ಬಾಸ್ಟನ್ ಸಮೀಪದ ಒಂದು ಫಾರಂನಲ್ಲಿ ಅಳೆದು ತೋರಿಸಿದರು. ಟೆಟ್ರಾಸೈಕ್ಲಿನ್ ಬೆರೆಸಿದ ಮೇವು ತಿಂದ ಕೋಳಿಗಳ ಕರುಳಿನ ಬ್ಯಾಕ್ಟೀರಿಯಾಗಳು ಒಂದೇ ವಾರದಲ್ಲಿ ಬಹುತೇಕ ಅದಕ್ಕೆ ನಿರೋಧಕವಾದವು. ಕೆಲವೇ ತಿಂಗಳಲ್ಲಿ ಆ ಮೇವನ್ನು ತಿನ್ನದ ಫಾರಂ ಕುಟುಂಬದವರ ಕರುಳಿನಲ್ಲೂ ಅಂಥವು ಹೆಚ್ಚಾದವು. ಎನ್ರೋಫ್ಲಾಕ್ಸಾಸಿನ್ ಎಂಬ ಪಶು ಔಷಧ, ಮನುಷ್ಯರು ನುಂಗುವ ಸಿಪ್ರೊಫ್ಲಾಕ್ಸಾಸಿನ್‌ನ ಹತ್ತಿರದ ನಂಟ. ಅದನ್ನು ಕೋಳಿಗಳಿಗೆ ಕೊಟ್ಟದ್ದರಿಂದ ಸಿಪ್ರೊಫ್ಲಾಕ್ಸಾಸಿನ್‌ಗೆ ಬಗ್ಗದ ಕ್ಯಾಂಪಿಲೋಬ್ಯಾಕ್ಟರ್ ಹೆಚ್ಚಿತೆಂದು ಅಮೆರಿಕ 2005ರಲ್ಲಿ ಕೋಳಿ ಸಾಕಣೆಯಲ್ಲಿ ಅದರ ಬಳಕೆಯನ್ನು ನಿಲ್ಲಿಸಿತು.

ಎಲ್ಲಕ್ಕಿಂತ ಗಂಭೀರವಾದದ್ದು ಕೊಲಿಸ್ಟಿನ್‌ನ ಪ್ರಕರಣ. ಬೇರೆ ಯಾವ ಔಷಧವೂ ನಾಟದ ಸೋಂಕುಗಳಿಗೆ ತೀವ್ರ ನಿಗಾ ಘಟಕದ ವೈದ್ಯರು ಕೊನೆಯದಾಗಿ ಹಿಡಿಯುವ ಅಸ್ತ್ರವಿದು. 2015ರ ನವೆಂಬರಿನಲ್ಲಿ ಚೀನಾದ ವಿಜ್ಞಾನಿಗಳು ಹಂದಿಗಳ ಇ. ಕೋಲೈಯಲ್ಲಿ, ಮಾಂಸದಲ್ಲಿ ಹಾಗೂ ಮನುಷ್ಯರಲ್ಲಿ ಕೊಲಿಸ್ಟಿನ್ ನಿರೋಧಕ ಜೀನ್ ಒಂದನ್ನು ಪ್ಲಾಸ್ಮಿಡ್ ಮೇಲೆ ಕಂಡರು. ಎಂಸಿಆರ್-1 ಎಂಬ ಆ ಜೀನ್ ಆಮೇಲೆ ಹಲವು ಖಂಡಗಳಲ್ಲಿ ಸಿಕ್ಕಿತು. ಭಾರತ ಸರ್ಕಾರ 2019ರ ಜುಲೈನಲ್ಲಿ ಆಹಾರದ ಪ್ರಾಣಿ, ಕೋಳಿ, ಜಲಕೃಷಿ ಮತ್ತು ಮೇವಿನಲ್ಲಿ ಕೊಲಿಸ್ಟಿನ್ ಬಳಕೆಯನ್ನು ನಿಷೇಧಿಸಿತು.

ಉಳಿಕೆಯೇ ಬೇರೆ, ಬ್ಯಾಕ್ಟೀರಿಯಾವೇ ಬೇರೆ

ಈ ವಿಷಯದಲ್ಲಿ ಎರಡು ಸಂಗತಿಗಳು ಮೇಲಿಂದ ಮೇಲೆ ಬೆರೆತುಹೋಗುತ್ತವೆ. ಒಂದು, ಹಾಲು ಮಾಂಸಗಳಲ್ಲಿ ಉಳಿದುಕೊಂಡ ಔಷಧದ ಅಂಶ. ಇನ್ನೊಂದು, ಔಷಧಕ್ಕೆ ಬಗ್ಗದ ಜೀವಂತ ಬ್ಯಾಕ್ಟೀರಿಯಾ. ಚೆನ್ನಾಗಿ ಬೇಯಿಸಿದರೆ ನಿರೋಧಕ ಬ್ಯಾಕ್ಟೀರಿಯಾ ಉಳಿದವುಗಳಂತೆಯೇ ಸಾಯುತ್ತದೆ. ಔಷಧಕ್ಕೆ ಬಗ್ಗದ್ದು ಬೆಂಕಿಗೆ ಬಗ್ಗುತ್ತದೆ. ಔಷಧದ ಉಳಿಕೆ ಹಾಗಲ್ಲ. ಹಲವು ಆಂಟಿಬಯೋಟಿಕ್‌ಗಳು ಮನೆಯ ಅಡುಗೆಯ ಶಾಖಕ್ಕೆ ಪೂರ್ತಿ ನಾಶವಾಗುವುದಿಲ್ಲ. ಅವು ಕೆಲವರಲ್ಲಿ ಅಲರ್ಜಿ ತರಬಹುದು. ಕೆಚ್ಚಲು ಬಾವಿಗೆ ಮೊಲೆಯೊಳಗೆ ಔಷಧ ಏರಿಸಿದ ರಾಸಿನ ಹಾಲು ಬೆರೆತಾಗ ಹೆಪ್ಪು ಹಾಕಿದರೂ ಮೊಸರು ಸರಿಯಾಗಿ ಕಟ್ಟದಿರುವುದುಂಟು. ಹೆಪ್ಪಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಆ ಔಷಧ ತಡೆಹಿಡಿಯುವುದೇ ಅದಕ್ಕೆ ಕಾರಣ.

ಉಳಿಕೆಯನ್ನು ತಪ್ಪಿಸುವ ಮಾರ್ಗ, ಔಷಧ ಕೊಟ್ಟ ಮೇಲೆ ನಿಗದಿತ ದಿನಗಳವರೆಗೆ ಹಾಲು, ಮೊಟ್ಟೆ, ಮಾಂಸವನ್ನು ಮಾರಾಟಕ್ಕೆ ಬಿಡದಿರುವುದು. 2012ರಲ್ಲಿ ತಿದ್ದುಪಡಿಯಾದ ಔಷಧ ನಿಯಮದಂತೆ ಈ ಅವಧಿಯನ್ನು ಪಶು ಔಷಧದ ಚೀಟಿಯಲ್ಲಿ ಮುದ್ರಿಸಬೇಕು. ನಿರ್ದಿಷ್ಟ ಅವಧಿ ದೃಢಪಟ್ಟಿಲ್ಲದಿದ್ದರೆ ಹಾಲು, ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಮೀನಿಗೆ 500 ಡಿಗ್ರಿ ದಿನ, ಅಂದರೆ ನೀರಿನ ಉಷ್ಣತೆ 25 ಡಿಗ್ರಿ ಇರುವ ಹೊಂಡದಲ್ಲಿ 20 ದಿನ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ಪರೀಕ್ಷಿಸಿದ 6,432 ಹಾಲಿನ ಮಾದರಿಗಳಲ್ಲಿ ಶೇ 1.2ರಷ್ಟರಲ್ಲಿ ಮಿತಿ ಮೀರಿದ ಆಂಟಿಬಯೋಟಿಕ್ ಕಂಡಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2014ರಲ್ಲಿ ರಾಜಧಾನಿ ವಲಯದ 70 ಕೋಳಿಮಾಂಸದ ಮಾದರಿಗಳನ್ನು ಪರೀಕ್ಷಿಸಿದಾಗ ಶೇ 40ರಲ್ಲಿ ಉಳಿಕೆ ಸಿಕ್ಕಿತ್ತು. ಕ್ಲೋರಾಂಫೆನಿಕಾಲ್, ನೈಟ್ರೊಫ್ಯುರಾನ್, ಕೊಲಿಸ್ಟಿನ್ ಮೊದಲಾದವನ್ನು ಹಾಲು, ಮಾಂಸ, ಮೊಟ್ಟೆ, ಮೀನು ಉತ್ಪಾದನೆಯ ಯಾವ ಹಂತದಲ್ಲೂ ಬಳಸಬಾರದೆಂಬ ಪ್ರಾಧಿಕಾರದ ತಿದ್ದುಪಡಿ 2025ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಔಷಧ ಕಡಿಮೆ ಮಾಡಿದರೆ ನಷ್ಟವಾದೀತೇ?

ಬ್ರಿಟನ್ನಿನ ಸ್ವಾನ್ ಸಮಿತಿ 1969ರಲ್ಲೇ, ಮನುಷ್ಯರ ಚಿಕಿತ್ಸೆಗೆ ಬೇಕಾದ ಆಂಟಿಬಯೋಟಿಕ್‌ಗಳನ್ನು ಬೆಳವಣಿಗೆಗಾಗಿ ಮೇವಿಗೆ ಬೆರೆಸಬಾರದೆಂದಿತು. ಯುರೋಪಿಯನ್ ಒಕ್ಕೂಟ 2006ರ ಜನವರಿ 1ರಿಂದ ಬೆಳವಣಿಗೆಗಾಗಿನ ಬಳಕೆಯನ್ನು ಪೂರ್ತಿ ನಿಲ್ಲಿಸಿತು. ಅಲ್ಲಿನ ಕೋಳಿ, ಹಂದಿ ಸಾಕಣೆ ಮುಂದುವರಿದೇ ಇದೆ. ನಾರ್ವೆ ದೇಶ ಸಾಲ್ಮನ್ ಮೀನುಗಳಿಗೆ ಲಸಿಕೆ ಹಾಕತೊಡಗಿದ ಮೇಲೆ ಉತ್ಪಾದನೆ ಹಲವು ಪಟ್ಟು ಏರಿತು, ಆಂಟಿಬಯೋಟಿಕ್ ಬಳಕೆ ಶೇ 99ರಷ್ಟು ಇಳಿಯಿತು. ಸಣ್ಣ ಸಾಕಣೆದಾರರಿಗೆ ಈ ಬದಲಾವಣೆ ಸುಲಭವೆಂದಲ್ಲ. ಸಾವಿರ ಮರಿಗಳ ಮೇಲೆ ಸಾಲ ತೆಗೆದವರಿಗೆ ಒಂದು ರೋಗ ಬಿದ್ದರೆ ವರ್ಷದ ದುಡಿಮೆ ಹೋದಂತೆ. ಆ ಭಯವೇ ಔಷಧದ ಡಬ್ಬಿಗೆ ಕೈ ಹಾಕಿಸುತ್ತದೆ. ಭಯಕ್ಕೆ ಬುದ್ಧಿವಾದ ಸಾಲದು. ಲಸಿಕೆ, ಪಶುವೈದ್ಯರು, ಪರೀಕ್ಷೆಯ ವ್ಯವಸ್ಥೆ ಕೈಗೆಟಕುವಂತೆ ಇರಬೇಕು.

ಅದಕ್ಕೆ ಬೇಕಾದ ಸಂಸ್ಥೆಗಳು ಕರ್ನಾಟಕದಲ್ಲಿವೆ. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಲಸಿಕೆಗಳನ್ನು ತಯಾರಿಸುತ್ತದೆ. ಯಲಹಂಕದ ರಾಷ್ಟ್ರೀಯ ಸಂಸ್ಥೆ ನಿವೇದಿ ಪಶುರೋಗಗಳ ಹರಡುವಿಕೆಯ ಮೇಲೆ ಕಣ್ಣಿಟ್ಟಿದೆ. ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಇಡ್ಯ ಕರುಣಾಸಾಗರ ಮತ್ತು ಇಂದ್ರಾಣಿ ಕರುಣಾಸಾಗರ ದಶಕಗಳ ಕಾಲ ಮೀನು, ಸಿಗಡಿಗಳ ಬ್ಯಾಕ್ಟೀರಿಯಾಗಳನ್ನು ಅಧ್ಯಯನ ಮಾಡಿದರು. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಪಶು ಸಂಚಾರಿ ಚಿಕಿತ್ಸಾ ವಾಹನ 1962 ಸಂಖ್ಯೆಗೆ ಕರೆ ಮಾಡಿದರೆ ಬರುತ್ತದೆ. ಬ್ರುಸೆಲ್ಲಾದಿಂದ ಬರುವ ಕಂದು ಹಾಕುವ ರೋಗಕ್ಕೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಮ್ಮೆ ಲಸಿಕೆ ಹಾಕುವ ಕೇಂದ್ರದ ಕಾರ್ಯಕ್ರಮ 2019ರಲ್ಲಿ ಆರಂಭವಾಗಿದೆ.

ದೊಡ್ಡಿಯಿಂದ ಅಡುಗೆಮನೆವರೆಗೆ

ಸಾಕಣೆದಾರರ ಮಟ್ಟದಲ್ಲಿ ಮೊದಲ ಕೆಲಸ ರೋಗ ಬರದಂತೆ ನೋಡಿಕೊಳ್ಳುವುದು. ಕೋಳಿಗೆ ರಾಣಿಖೇತ್, ಗುಂಬೊರೊ ಲಸಿಕೆ, ಕುರಿಗೆ ಕರುಳು ಬೇನೆ, ಪಿಪಿಆರ್ ಲಸಿಕೆಗಳನ್ನು ಕಾಲಕ್ಕೆ ಸರಿಯಾಗಿ ಹಾಕಿಸಬೇಕು. ರಾಣಿಖೇತ್, ಗುಂಬೊರೊ, ಪಿಪಿಆರ್ ವೈರಸ್ ರೋಗಗಳು. ಆಂಟಿಬಯೋಟಿಕ್ ಆ ವೈರಸ್‌ಗಳನ್ನು ಕೊಲ್ಲುವುದಿಲ್ಲ. ಶೆಡ್ಡಿನ ಹಾಸು ಒಣಗಿರಬೇಕು, ಗಾಳಿಯಾಡಬೇಕು, ಕುಡಿಯುವ ನೀರು ಶುದ್ಧವಿರಬೇಕು. ಔಷಧ ಬೇಕಾದಾಗ ಪಶುವೈದ್ಯರ ಚೀಟಿಯಂತೆ ಪೂರ್ತಿ ಪ್ರಮಾಣ ಕೊಟ್ಟು, ದಿನಾಂಕ ಬರೆದಿಟ್ಟು, ಅವಧಿ ಮುಗಿಯುವ ತನಕ ಮಾರಾಟ ನಿಲ್ಲಿಸಬೇಕು. ಕೋಳಿ ಗೊಬ್ಬರವನ್ನು ಹಸಿಯಾಗಿ ಗದ್ದೆಗೆ ಚೆಲ್ಲಿದರೆ ಅದರಲ್ಲಿರುವ ನಿರೋಧಕ ಬ್ಯಾಕ್ಟೀರಿಯಾ ಕಾಲುವೆ ನೀರಿಗೆ ಸೇರಬಹುದು. ತಿಪ್ಪೆಯ ಒಳಗೆ ಕಾವೇರುವಂತೆ ಚೆನ್ನಾಗಿ ಕೊಳೆಯಿಸಿದರೆ ಬಹುಪಾಲು ರೋಗಾಣು ಸಾಯುತ್ತವೆ.

ಮಾಂಸದಂಗಡಿಗೆ ಬೇಕಾದದ್ದು ಹರಿಯುವ ನೀರು, ತೊಳೆಯಲು ಬರುವ ಕಟಾವು ಹಲಗೆ, ಕರುಳು ತೆಗೆಯಲು ಬೇರೆ ಜಾಗ, ನೊಣಕ್ಕೆ ತಡೆ, ತಂಪಿನ ಪೆಟ್ಟಿಗೆ. ಇವನ್ನು ಒದಗಿಸುವುದು ವ್ಯಾಪಾರಿಯ ಜೊತೆಗೆ ನಗರಸಭೆ, ಪಟ್ಟಣ ಪಂಚಾಯಿತಿಗಳ ಹೊಣೆಯೂ ಹೌದು. ತಾನಾಗಿ ಸತ್ತ ಪ್ರಾಣಿಯನ್ನು ಸುಲಿಯುವುದು, ತಿನ್ನುವುದು ಕೂಡದು. ನೆರಡಿ, ಅಂದರೆ ಆಂಥ್ರಾಕ್ಸ್, ರೋಗದಿಂದ ಸತ್ತ ಕುರಿಯ ತೊಗಲು, ಮಾಂಸ ಮುಟ್ಟಿದರೂ ಸೋಂಕು ತಗುಲಬಲ್ಲದು.

ಮನೆಯಲ್ಲಿ ಹಾಲನ್ನು ಉಕ್ಕುವ ತನಕ ಕಾಯಿಸುವ ರೂಢಿ ಹಿರಿದಾದ ರಕ್ಷಣೆ, ಅದನ್ನು ಬಿಡಬಾರದು. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಜೋರಾಗಿ ತೊಳೆದರೆ ಹನಿಗಳ ಜೊತೆ ಬ್ಯಾಕ್ಟೀರಿಯಾ ಸುತ್ತಲಿನ ಪಾತ್ರೆಗಳಿಗೆ ಸಿಡಿಯುತ್ತವೆ. ಮಾಂಸ ಹೆಚ್ಚಿದ ಈಳಿಗೆ, ಚಾಕುವನ್ನು ಸೋಪು ಹಾಕಿ ತೊಳೆಯದೆ, ಜೊತೆಗೆ ತಿನ್ನುವ ಉಳ್ಳಾಗಡ್ಡಿ, ಸೌತೆಕಾಯಿ, ಲಿಂಬೆ ಹೆಚ್ಚಬಾರದು. ಮಾಂಸದ ಒಳಭಾಗ 74 ಡಿಗ್ರಿ ಮುಟ್ಟಬೇಕು, ಅಂದರೆ ಗುಲಾಬಿ ಬಣ್ಣ ಉಳಿಯದೆ, ರಸ ತಿಳಿಯಾಗುವಷ್ಟು ಬೇಯಬೇಕು. ಮೊಟ್ಟೆಯ ಬಿಳಿ, ಹಳದಿ ಎರಡೂ ಗಟ್ಟಿಯಾಗಬೇಕು. ಉಳಿದದ್ದನ್ನು ಎರಡು ತಾಸಿನೊಳಗೆ ಫ್ರಿಜ್ಜಿನಲ್ಲಿಟ್ಟು, ತಿನ್ನುವಾಗ ಕುದಿಯುವಂತೆ ಬಿಸಿ ಮಾಡಬೇಕು.

ಭೇದಿ ಹತ್ತಿದರೆ ಔಷಧದಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗುವುದು ಬಹುಪಾಲು ಸಂದರ್ಭಗಳಲ್ಲಿ ಅನಗತ್ಯ. ದೇಹ ಕಳೆದುಕೊಂಡ ನೀರು, ಲವಣವನ್ನು ಓಆರ್‌ಎಸ್ ತುಂಬಿಕೊಡುತ್ತದೆ. ಮಕ್ಕಳಿಗೆ ಜೊತೆಗೆ ಸತುವಿನ ಮಾತ್ರೆ ಕೊಡಬೇಕು. ಮಲದಲ್ಲಿ ರಕ್ತ, ತೀವ್ರ ಜ್ವರ, ನಿತ್ರಾಣ ಕಂಡರೆ ವೈದ್ಯರ ಬಳಿ ಹೋಗಬೇಕು.

ಅಡುಗೆಮನೆಯ ಎಚ್ಚರ ಒಂದು ಮನೆಯನ್ನು ಒಂದು ಊಟದ ಮಟ್ಟಿಗೆ ಕಾಯುತ್ತದೆ. ಪ್ರತಿರೋಧ ಹುಟ್ಟುವುದು ಅದಕ್ಕೂ ಮೊದಲು, ಶೆಡ್ಡಿನಲ್ಲಿ, ದೊಡ್ಡಿಯಲ್ಲಿ, ಮೀನಿನ ಹೊಂಡದಲ್ಲಿ. ಅಲ್ಲಿ ಲಸಿಕೆ, ಸ್ವಚ್ಛತೆ, ಪಶುವೈದ್ಯರ ಸಲಹೆ ಸುಲಭವಾಗಿ ಸಿಗುವಂತೆ ಮಾಡಿ, ಔಷಧವನ್ನು ನಿಜವಾಗಿ ಕಾಯಿಲೆ ಬಿದ್ದ ಪ್ರಾಣಿಗೆ ಮಾತ್ರ ಮೀಸಲಿಟ್ಟರೆ ಅದೇ ಔಷಧ ನಾಳೆ ಕಾಯಿಲೆ ಬಿದ್ದ ಮಗುವಿಗೂ ಕೆಲಸ ಮಾಡುತ್ತದೆ.